ನಡುಗಡ್ಡೆಯಲ್ಲಿ ಶಂಕ್ರಮ್ಮನ ಪೂಜೆ

ಗುರುಬಸವನಿಗೆ ಈಜು ಬರುವುದಿಲ್ಲ. ತೆಪ್ಪ ನಡೆಸಲು ಬರುವುದಿಲ್ಲ. ಮೂರು ಕಲ್ಲಿಟ್ಟು ಒಲೆ ಹೂಡಿದರೆ ಹೊಗೆ ಬರುತ್ತದೆಯೇ ಹೊರತು ಬೆಂಕಿ ಹತ್ತುವುದಿಲ್ಲ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಮುಂದೆ ಫ್ಯಾನಿನ ಕೆಳಗೆ ಕೂತು ಗುಂಡಿ ಒತ್ತುವುದು, ಚೀಟಿ ಹರಿದು ಕೊಡುವುದು, ಇಷ್ಟೇ ಅವನು ಕಲಿತ ವಿದ್ಯೆ. ಇಷ್ಟು ಯೋಗ್ಯತೆ ಇಟ್ಟುಕೊಂಡು ಅವನು ಹೆಂಡತಿ, ಮಗಳು ಮತ್ತು ತಾಯಿಯನ್ನು ಒಂದು ರಾತ್ರಿ ವಾಸ್ತವ್ಯಕ್ಕೆಂದು ತುಂಗಭದ್ರೆಯ ನಡುಗಡ್ಡೆಗೆ ಕರೆದುಕೊಂಡು ಹೋದ.

ತಪ್ಪು ಮೊಬೈಲಿನದು ಎನ್ನಬಹುದು. ಯಾವುದೋ ಸಮುದ್ರದ ಯಾವುದೋ ದ್ವೀಪದಲ್ಲಿ ಒಬ್ಬ ಗಡ್ಡದವನು ಹೆಂಡತಿ ಮಕ್ಕಳ ಜೊತೆ ಟೆಂಟ್ ಹಾಕಿಕೊಂಡು ಮೀನು ಸುಡುತ್ತಿದ್ದ. 'ಇಲ್ಲಿ ನೆಟ್‌ವರ್ಕ್ ಇಲ್ಲ, ಇದೇ ಸ್ವರ್ಗ' ಎಂದು ಅವನು ಹೇಳಿದ್ದು ಗುರುಬಸವನ ಎದೆಗೆ ನಾಟಿತು. ಹೊಸ ಭತ್ತ ಇನ್ನೂ ಬಂದಿರಲಿಲ್ಲ, ಮಿಲ್ಲು ತಣ್ಣಗಿತ್ತು. ಮಗಳು ಲಲಿತಾಳಿಗೆ ದಸರಾ ರಜೆ. ಮದುವೆಯಾದಾಗಿನಿಂದ ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಕೇಳಿ ಕೇಳಿ ಭವಾನಿ ಈಗ ಕೇಳುವುದನ್ನೇ ಬಿಟ್ಟಿದ್ದಳು. ಟೆಂಟ್ ಆನ್‌ಲೈನಿನಲ್ಲಿ ಬಂತು. ಮೀನು ಸುಡುವ ಪ್ರಶ್ನೆ ಇರಲಿಲ್ಲ, ಲಿಂಗಾಯತರ ಮನೆ. ಬದಲಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಒಂದು ಡಬ್ಬಿ ಬೆಲ್ಲ ಕಟ್ಟಿಕೊಂಡರು.

ಬರುವುದಿಲ್ಲ ಎಂದವಳು ತಾಯಿ ಶಂಕ್ರಮ್ಮ ಒಬ್ಬಳೇ. ಹೊಳೆಯ ನಡುವೆ ಹೋಗಿ ಮಲಗುವುದಕ್ಕೆ ಮನೆಯಲ್ಲಿ ಏನು ಹಾವು ಸೇರಿದೆಯೇ ಎಂದು ಕೇಳಿದಳು. ಆದರೆ ಲಲಿತಾ ಅಜ್ಜಿಯ ಸೆರಗು ಹಿಡಿದು ಎಳೆದ ಮೇಲೆ ಎದ್ದಳು. ಆ ಹುಡುಗಿಯ ಮಾತು ಬಿಟ್ಟು ಬೇರೆ ಯಾರ ಮಾತಿಗೂ ಶಂಕ್ರಮ್ಮ ಎದ್ದದ್ದು ಊರಿನಲ್ಲಿ ಯಾರಿಗೂ ನೆನಪಿಲ್ಲ.

ಶಂಕ್ರಮ್ಮ ತಳಕಲ್ಲಿನ ಮಗಳು, ಯಲಬುರ್ಗಾದ ಸೊಸೆ. ಗಂಡ ದೊಡ್ಡಬಸಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದ. ಅವನು ಎದೆನೋವಿನಿಂದ ಹೋದಾಗ ಗಿರಣಿ ಮಾರಿಬಿಡು ಎಂದು ಎಲ್ಲರೂ ಹೇಳಿದರು. ಅವಳು ಮೂರು ದಿನ ಅತ್ತು, ನಾಲ್ಕನೆಯ ದಿನ ಸೆರಗು ಸೊಂಟಕ್ಕೆ ಸಿಗಿಸಿ ಗಿರಣಿಯ ಪಟ್ಟಾ ಏರಿಸಿದಳು. ಹೆಂಗಸು ಗಿರಣಿ ನಡೆಸುವುದನ್ನು ನೋಡಲೆಂದೇ ಜೋಳ ತಂದವರಿದ್ದರು. ಆಮೇಲೆ ಹಿಟ್ಟು ನುಣ್ಣಗೆ ಬರುತ್ತದೆಂದು ತಂದರು. ಸಂಜೆ ಹೊತ್ತಿಗೆ ಹುಬ್ಬು ರೆಪ್ಪೆಯೆಲ್ಲ ಬೆಳ್ಳಗಾಗಿ ಮನೆಗೆ ಬರುವ ತಾಯಿಯನ್ನು ನೋಡಿ ಗುರುಬಸವ ಸಣ್ಣವನಿದ್ದಾಗ ಅಳುತ್ತಿದ್ದ.

ಅವಳದು ಒಂದೇ ಹಟ. ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮಾಡುವ ತನಕ ಒಂದು ಹನಿ ನೀರು ಬಾಯಿಗೆ ಹೋಗಬಾರದು. ಯಲಬುರ್ಗಾದಲ್ಲಿ ಗಿರಣಿಗೆ ಬೇಕಾದ ಕರೆಂಟು ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ಹೋಗಿಬಿಡುವ ಕಾಲ ಅದು. ಬಾಗಿಲಲ್ಲಿ ಜೋಳದ ಪುಟ್ಟಿ ಹೊತ್ತ ಹೆಂಗಸರು ಕೂಗುತ್ತಿದ್ದರು, ಕರೆಂಟ್ ಹೊಂಟಿತು ಬಾರವ್ವಾ ಎಂದು. ಅವಳು ಕಣ್ಣು ಮುಚ್ಚಿ ಕೂತವಳು ಕದಲುತ್ತಿರಲಿಲ್ಲ. ಕರೆಂಟು ಹೋದರೆ ಹೋಯಿತು, ನಾಳೆ ಬರುತ್ತದೆ. ಮನೆಯಲ್ಲಿಯೂ ಅಷ್ಟೇ: ಅವಳ ಪೂಜೆ ಮುಗಿಯುವ ತನಕ ಯಾರೂ ತಾಟಿನ ಮುಂದೆ ಕೂಡುವಂತಿಲ್ಲ. ಗುರುಬಸವ ಎಷ್ಟೋ ದಿನ ಹಸಿದೇ ಸಾಲೆಗೆ ಓಡಿದ್ದಾನೆ. ಭವಾನಿ ಬಂದ ಹೊಸದರಲ್ಲಿ ಕದ್ದು ಚಹಾ ಕುಡಿದು ಸಿಕ್ಕಿಬಿದ್ದಿದ್ದಳು. ಆ ನಿಯಮವನ್ನು ಮನಸ್ಸಿಟ್ಟು ಪಾಲಿಸುತ್ತಿದ್ದವಳು ಲಲಿತಾ ಒಬ್ಬಳೇ. ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಪೂಜೆ ಮುಗಿದ ಮೇಲೆ ಅಂಗೈ ಚಾಚಿ ಬೆಲ್ಲದ ಚೂರು ಪಡೆದು, ಅದರ ಅರ್ಧ ಮುರಿದು ಅಜ್ಜಿಯ ಬಾಯಿಗಿಟ್ಟ ಮೇಲೇ ಅವಳ ದಿನ ಶುರುವಾಗುವುದು.

ಗಂಗಾವತಿಯಲ್ಲಿ ಕೆಲಸ ಸಿಕ್ಕು ತಾಯಿಯನ್ನು ಅಲ್ಲಿಗೆ ಕರೆತಂದ ವರ್ಷ ಗುರುಬಸವ ಅವಳಿಗೆ ಬೆಳ್ಳಿಯ ಕರಡಿಗೆ ಮಾಡಿಸಿಕೊಟ್ಟಿದ್ದ. ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಳ್ಳುವ ಆ ಪುಟ್ಟ ಡಬ್ಬಿಯ ಮುಚ್ಚಳ ಟಕ್ ಎಂದು ಕೂಡುತ್ತಿತ್ತು. ಅವನು ಬದುಕಿನಲ್ಲಿ ಮಾಡಿದ ಒಂದೇ ಒಂದು ಘನವಾದ ಕೆಲಸ ಅದು, ಆದ್ದರಿಂದ ಅದರ ಮೇಲೆ ಅವನಿಗೆ ತಾಯಿಗಿಂತ ಹೆಚ್ಚು ಕಾಳಜಿ. ಹೊಳೆಗೆ ಹೊರಡುವ ದಿನ ಅವನೇ ಹೇಳಿದ, ತೆಪ್ಪದಲ್ಲಿ ಬಗ್ಗಿದಾಗ ಬೆಳ್ಳಿ ನೀರಿಗೆ ಬಿದ್ದರೆ ಯಾರು ಮುಳುಗಿ ತರುವವರು, ಕರಡಿಗೆ ಕಪಾಟಿನಲ್ಲಿರಲಿ, ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊ ಎಂದು. ಶಂಕ್ರಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಲಿಂಗವನ್ನು ಬಿಳಿ ಅರಿವೆಯಲ್ಲಿ ಗಂಟು ಹಾಕಿ ದಾರಕ್ಕೆ ಕಟ್ಟಿಕೊಂಡಳು. ಗುರುಬಸವ ಕಪಾಟಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿದ.

ತೆಪ್ಪದವನು ದುರುಗೇಶ. ಆ ಗಡ್ಡೆಗೆ ಜನರನ್ನು ಬಿಡುವಂತಿಲ್ಲ, ಯಾರಿಗೂ ಹೇಳಬೇಡಿ ಎಂದು ದಂಡೆಯಲ್ಲಿಯೇ ಹೇಳಿದ. ಮರುದಿನ ಕುಷ್ಟಗಿಯಲ್ಲಿ ಅಕ್ಕನ ಮಗಳ ಮದುವೆ, ಉಂಡು ಸಂಜೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಹೊಳೆ ತುಂಬಿ ಬಂಡೆಗಳ ನಡುವೆ ನೊರೆ ಎಬ್ಬಿಸಿಕೊಂಡು ಹೋಗುತ್ತಿತ್ತು. ನಾಲ್ವರನ್ನು ಗಡ್ಡೆಯ ಮೇಲೆ ಇಳಿಸಿ, ತೆಪ್ಪವನ್ನು ಗಿರ್ರನೆ ತಿರುಗಿಸಿ, ಅವನು ಹೋದ.

ಆ ಸಂಜೆ ಚೆನ್ನಾಗಿಯೇ ಕಳೆಯಿತು. ಟೆಂಟ್ ಎರಡು ಸಲ ಬಿದ್ದು ಮೂರನೆಯ ಸಲ ಒಂದು ಕಡೆ ವಾಲಿಕೊಂಡು ನಿಂತಿತು. ಅದು ಭತ್ತದ ಚೀಲದ ಹಾಗೆ ಕಾಣುತ್ತದೆ, ಬೇಕಾದರೆ ತೂಕ ಹಿಡಿ ಎಂದು ಶಂಕ್ರಮ್ಮ ಮಗನನ್ನು ಕಾಡಿಸಿದಳು. ಲಲಿತಾ ಫ್ರಾಕಿನ ಮಡಿಲು ತುಂಬ ಕಲ್ಲು ಆರಿಸಿದಳು. ಹೊಳೆ ಉಜ್ಜಿ ಉಜ್ಜಿ ನುಣುಪು ಮಾಡಿದ ಕರಿ ಕಲ್ಲುಗಳು ಆ ಗಡ್ಡೆಯ ತುಂಬ ಬಿದ್ದಿದ್ದವು. ಶಂಕ್ರಮ್ಮ ಪೂಜೆ ಮುಗಿಸಿ, ಎರಡು ರೊಟ್ಟಿ ಉಂಡು, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಮಲಗಿದಳು.

ಬೆಳಿಗ್ಗೆ ಅವಳು ಹೊಳೆಯಲ್ಲಿ ಮಿಂದು ಬಂದು, ಒದ್ದೆ ಸೀರೆಯಲ್ಲಿಯೇ ವಿಭೂತಿ ಗಟ್ಟಿ ತೆಗೆದಿಟ್ಟು, ಪತ್ರಿಯ ಬದಲಿಗೆ ಬನ್ನಿ ಗಿಡದ ನಾಲ್ಕು ಎಲೆ ಹರಿದು ತಂದಳು. ಕೊರಳಿಗೆ ಕೈ ಹಾಕಿದಳು. ದಾರ ಇತ್ತು, ಅರಿವೆ ಇತ್ತು. ನೀರಿನಲ್ಲಿ ನೆನೆದ ಗಂಟು ಸಡಿಲಾಗಿ ಅರಿವೆ ಖಾಲಿ ಜೋತು ಬಿದ್ದಿತ್ತು.

ಅವಳು ಕೂಗಲಿಲ್ಲ. ಅಲ್ಲಿಯೇ ಕುಸಿದು ಕೂತಳು. ಕಟ್ಟಿಗೆ ಊದುತ್ತಿದ್ದ ಗುರುಬಸವ ಹೊಗೆಯೊಳಗಿಂದ ತಲೆ ಎತ್ತಿದಾಗ, "ಗುರಪ್ಪಾ, ಲಿಂಗ ಹೋತಪಾ," ಎಂದಳು.

ಹುಡುಕಿದರು. ಮಿಂದ ಜಾಗದಲ್ಲಿ, ನಡೆದ ದಾರಿಯಲ್ಲಿ, ಬನ್ನಿ ಗಿಡದ ಬುಡದಲ್ಲಿ, ಮಲಗಿದ ಹಾಸಿಗೆಯಲ್ಲಿ. ಕರಿ ಲೇಪ ಹಚ್ಚಿದ, ಅಂಗೈಯಲ್ಲಿ ಹಿಡಿಸುವ ಒಂದು ಲಿಂಗವನ್ನು ಕರಿ ಕಲ್ಲುಗಳೇ ಹಾಸಿಕೊಂಡ ಗಡ್ಡೆಯ ಮೇಲೆ ಹುಡುಕುವುದು ಎಂದರೇನು ಎಂಬುದು ಗುರುಬಸವನಿಗೆ ಮೊದಲ ಕಲ್ಲು ಎತ್ತಿದ ಕೂಡಲೇ ತಿಳಿಯಿತು. ಪ್ರತಿ ಕಲ್ಲೂ ಅದೇ ಅನಿಸುತ್ತಿತ್ತು. ಎತ್ತಿದರೆ ಅಲ್ಲ. ಸೊಂಟದ ಮಟ್ಟ ನೀರಿಗಿಳಿದು ಕಾಲಿನಿಂದ ತಡವಿದ, ಒಂದು ಸಲ ಸೆಳವಿಗೆ ಸಿಕ್ಕು ಬಂಡೆ ತಬ್ಬಿಕೊಂಡು ಉಳಿದ. ಬಿಸಿಲು ಏರಿತು. ಬಂಡೆಗಳು ಕಾದವು. ಶಂಕ್ರಮ್ಮನ ಮುಂದೆ ಭವಾನಿ ಇಟ್ಟ ನೀರಿನ ತಂಬಿಗೆ ಇಟ್ಟ ಹಾಗೆಯೇ ಇತ್ತು.

ಅವನು ಬಂದು ಮುಂದೆ ಕೂತ. ಮಠದ ಸ್ವಾಮಿಗಳು ಹೊಸ ಲಿಂಗ ಕೊಡುತ್ತಾರೆ, ಎಷ್ಟೋ ಜನರಿಗೆ ಕಳೆದಿದೆ, ಎಷ್ಟೋ ಜನರಿಗೆ ಕೊಟ್ಟಿದ್ದಾರೆ ಎಂದು ತಿಳಿಸಿ ಹೇಳಿದ.

"ಕೊಡ್ತಾರ. ಕೊಟ್ಟ ಮ್ಯಾಲ ಕುಡೀತೀನಿ."

"ಅಲ್ಲೀತನಾ ನಿನ್ನ ಸಕ್ಕರಿ ಸುಮ್ಮ ಇರ್ತದೇನು? ರಾತ್ರಿ ಗುಳಿಗಿ ತಗೊಂಡಿ, ಹೊಟ್ಟ್ಯಾಗ ಏನೂ ಇಲ್ಲ. ಸತ್ತಗಿತ್ತೀ ಯವ್ವಾ."

"ನಿಮ್ಮಪ್ಪ ಸತ್ತ ದಿನಾನೂ ಇದನ್ನ ಕೈಯಾಗ ಹಿಡಿದ ಮ್ಯಾಲ ನೀರ ಕುಡದಾಕಿ ನಾನು," ಎಂದಳು. "ನನ್ನ ಗಂಟಲದಾಗ ಇಳಿಯಂಗಿಲ್ಲ. ನಾ ಹಟಾ ಮಾಡಾಕ ಹತ್ತಿಲ್ಲೋ, ಖರೇನ ಇಳಿಯಂಗಿಲ್ಲ."

ಗುರುಬಸವ ಮೊಬೈಲ್ ಹಿಡಿದು ಗಡ್ಡೆಯ ತುದಿಯಿಂದ ತುದಿಗೆ ಓಡಿದ. ಗಡ್ಡದವನ ಸ್ವರ್ಗ ಇಲ್ಲಿಯೂ ಇತ್ತು, ಒಂದು ಗೀಟೂ ಸಿಗ್ನಲ್ ಇರಲಿಲ್ಲ. ಎತ್ತರದ ಬಂಡೆ ಹತ್ತಿ ನಿಂತಾಗ ಒಂದು ಗೀಟು ಬಂದು, ದುರುಗೇಶನ ಫೋನ್ ಸ್ವಿಚ್ ಆಫ್ ಆಗಿದೆ ಎಂದು ಒಬ್ಬ ಹೆಣ್ಣುಮಗಳ ಧ್ವನಿಯಲ್ಲಿ ತಿಳಿಸಿ ಮಾಯವಾಯಿತು. ಆಚೆ ದಂಡೆಯಲ್ಲಿ ಕುರಿ ಹೊಡೆದುಕೊಂಡು ಇಬ್ಬರು ಹೊರಟಿದ್ದರು. ಅವನು ಅಂಗಿ ಬಿಚ್ಚಿ ಬೀಸಿದ, ಗಂಟಲು ಹರಿಯುವ ಹಾಗೆ ಕೂಗಿದ. ಹೊಳೆಯ ಸದ್ದು ಅವನ ಕೂಗನ್ನು ನುಂಗಿತು. ಆಚೆಯವರು ನಿಂತರು, ನೋಡಿದರು, ತಾವೂ ಟವೆಲ್ ಎತ್ತಿ ಖುಷಿಯಿಂದ ಬೀಸಿದರು. ಒಬ್ಬ ಮೊಬೈಲಿನಲ್ಲಿ ಅವನ ವಿಡಿಯೋ ಮಾಡಿಕೊಂಡ. ಆಮೇಲೆ ಕುರಿಗಳ ಹಿಂದೆ ಹೋದರು. ಬರೀ ಮೈಯಲ್ಲಿ, ಬಂಡೆಯ ಮೇಲೆ, ಕೈಯಲ್ಲಿ ಅಂಗಿ ಹಿಡಿದು ನಿಂತ ಗುರುಬಸವ ಕೊನೆಗೂ ದ್ವೀಪದ ವಿಡಿಯೋದೊಳಗಿನ ಮನುಷ್ಯನಾಗಿದ್ದ.

ಕೆಳಗಿಳಿದಾಗ ತಾಯಿಯ ಕೈಬೆರಳು ನಡುಗುವುದು ಕಾಣಿಸಿತು. ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಂತಿತ್ತು. ಅವಳನ್ನು ಟೆಂಟಿನ ನೆರಳಿಗೆ ತಂದು ಮಲಗಿಸಿದ ಭವಾನಿ ಅವನನ್ನು ಆಚೆ ಕರೆದಳು. ಅವಳ ದನಿ ಏರಲಿಲ್ಲ.

"ಬೆಳ್ಳಿ ಕರಡಿಗಿ ಕಪಾಟಿನ್ಯಾಗ ಆರಾಮ ಐತಲ್ರಿ? ಬೀಗ ಬರೋಬರಿ ಹಾಕಿ ಬಂದೀರಿಲ್ಲ?"

ಮುಚ್ಚಳ ಟಕ್ ಎಂದು ಕೂಡುವ ಸದ್ದು ಬೆಳಗಿನಿಂದ ಅವನ ತಲೆಯಲ್ಲಿ ಕೇಳುತ್ತಲೇ ಇತ್ತು.

ಆಗಲೇ ಅವನು ನೀರಿನ ಅಂಚಿಗೆ ಹೋಗಿ ಒಂದು ಕಲ್ಲು ಆರಿಸಿದ. ಅದೇ ಗಾತ್ರ, ಅದೇ ಕಪ್ಪು, ಅದೇ ನುಣುಪು. ಅದಕ್ಕೆ ಒಂದಿಷ್ಟು ವಿಭೂತಿ ಸವರಿದ. ತಾಯಿಯ ಖಾಲಿ ಅರಿವೆಯಲ್ಲಿ ಸುತ್ತಿದ. ಇದು ಪಾಪವೋ ಅಲ್ಲವೋ ಎಂದು ಯೋಚಿಸುವಷ್ಟು ತಲೆ ಉಳಿದಿರಲಿಲ್ಲ. ತಾಯಿ ನೀರು ಕುಡಿಯಬೇಕು, ಅಷ್ಟೇ. ಒಳಗೆ ಹೋಗಿ, ಸಿಕ್ಕಿತವ್ವಾ, ಬಂಡೆಯ ಸಂದಿಯಲ್ಲಿತ್ತು ಎಂದ. ಧ್ವನಿಯಲ್ಲಿ ಸಂತೋಷ ತರಲು ಹೋಗಿ ಅದು ಕೀರಲಾಯಿತು.

ಶಂಕ್ರಮ್ಮ ಎದ್ದು ಕೂತಳು. ಮುಖದಲ್ಲಿ ಬಂದ ಬೆಳಕನ್ನು ನೋಡಿ ಗುರುಬಸವನಿಗೆ ಆ ಕ್ಷಣವೇ ಹೊಳೆಗೆ ಹಾರಬೇಕು ಅನಿಸಿತು. ಅವಳು ಎಡ ಅಂಗೈ ಚಾಚಿದಳು. ಅವನು ಇಟ್ಟ. ಅವಳ ಬೆರಳು ಮುಚ್ಚಿದವು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಬೆಳಕು ಬಂದ ಹಾಗೆಯೇ ಹೋಯಿತು.

"ನಿನ್ನ ಕಾಟಾದ ಮ್ಯಾಲ ಇದು ಸರಿ ತೂಗಬಹುದು ನೋಡಪಾ," ಎಂದಳು. ಅರಿವೆ ಬಿಚ್ಚಿ, ಕಲ್ಲನ್ನು ಅವನ ಕೈಗೆ ವಾಪಸ್ಸು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು. ಗೋಡೆ ಕಡೆ ತಿರುಗಿದ ಹಾಗೆ ಟೆಂಟಿನ ಬಟ್ಟೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ಕಣ್ಣು ಅರ್ಧ ತೆರೆದು, "ಕರೆಂಟ್ ಬಂತೇನು?" ಎಂದು ಕೇಳಿದಳು. ಗುರುಬಸವ ಅವಳ ಪಕ್ಕ ಕೂತು, ಬಂದಿದೆ ಎಂದ. ಹಾಗಾದರೆ ಪುಟ್ಟಿ ಸಾಲಾಗಿ ಇಡಲು ಹೇಳು, ಪೂಜೆ ಆಗುತ್ತಲೇ ಬಂದೆ ಎಂದು ಅವಳು ಗಾಳಿಯಲ್ಲಿ ಅಂಗೈ ಚಾಚಿದಳು. ಸಕ್ಕರೆ ಇಳಿದಿರಬೇಕೆಂದು ಬೆಲ್ಲದ ಡಬ್ಬಿ ಎತ್ತಿಕೊಂಡು ಬಂದು ಅವನು ಒಂದು ಚೂರು ಅವಳ ತುಟಿಗೆ ಒತ್ತಿದ. ತುಟಿ ತೆರೆಯಲಿಲ್ಲ. ಎಲ್ಲಿದ್ದೇನೆ ಎಂಬುದೇ ಗೊತ್ತಿಲ್ಲದ ಹೆಂಗಸಿನ ಹಲ್ಲು, ಪೂಜೆ ಆಗಿಲ್ಲ ಎಂಬುದನ್ನು ಮಾತ್ರ ಮರೆತಿರಲಿಲ್ಲ. ಬೆರಳು ತೂರಿಸಿ ಬಾಯಿ ಬಿಡಿಸಲು ನೋಡಿದ. ಅವಳು ಮುಖ ತಿರುಗಿಸಿದಳು, ಬೆಲ್ಲ ಮರಳಿಗೆ ಬಿತ್ತು. ಗಂಡಸು ಎಂಬುದನ್ನು ಮರೆತು ಅವನು ಅತ್ತ.

"ರೀ," ಎಂದಳು ಭವಾನಿ ಹಿಂದಿನಿಂದ. "ಲಲಿತಾಗ ಬೆಳಿಗ್ಗೆ ತಿನ್ನಾಕ ಕೊಟ್ಟೀರಿಲ್ಲ?"

ನೀನು ಕೊಟ್ಟಿದ್ದೀಯ ಅಂದುಕೊಂಡಿದ್ದೆ ಎಂದ.

ನೀವು ಕೊಟ್ಟಿದ್ದೀರಿ ಅಂದುಕೊಂಡಿದ್ದೆ ಎಂದಳು.

ಮಗು ಟೆಂಟಿನ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಬೆಳಗಿನಿಂದ ಹಾಗೆಯೇ ಕೂತಿತ್ತೋ ಏನೋ, ಮಡಿಲಲ್ಲಿ ನಿನ್ನೆಯ ಕಲ್ಲುಗಳು. ತುಟಿ ಒಣಗಿ ಬಿಳಿ ಪೊರೆ ಎದ್ದಿತ್ತು. ಭವಾನಿ ತಂಬಿಗೆ ಹಿಡಿದರೆ ಲಲಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗದರಿದರು, ಬೇಡಿದರು. ಗುರುಬಸವ ಅವಳ ಕೈ ಹಿಡಿದು ಬಿಡಿಸಿದಾಗ ಹುಡುಗಿ ಅಜ್ಜಿಯ ಹಾಗೆಯೇ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ನೀರು ಫ್ರಾಕಿನ ಮೇಲೆ ಚೆಲ್ಲಿತು.

"ಅಜ್ಜೀದು ಪೂಜಿ ಆಗಿಲ್ಲ," ಎಂದಳು. ಧ್ವನಿ ಒಣ ಎಲೆಯ ಹಾಗೆ ಕೇಳಿಸಿತು.

ಆ ಧ್ವನಿ ಹೇಗೆ ಅಷ್ಟು ದೂರ ಹೋಯಿತೋ, ಗಿರಣಿಯ ಬಾಗಿಲಲ್ಲಿ ಎಲ್ಲೋ ಕೂತಿದ್ದ ಶಂಕ್ರಮ್ಮನಿಗೆ ಅದು ಮುಟ್ಟಿತು. ಅವಳ ಕಣ್ಣು ಹುಡುಕಾಡಿ ಮೊಮ್ಮಗಳ ಮೇಲೆ ನಿಂತವು.

"ಕೂಸು ನೀರ ಕುಡದಿಲ್ಲೇನು?"

ಅವಳು ಮೊಣಕೈ ಊರಿ ಏಳಲು ನೋಡಿದಳು, ಆಗಲಿಲ್ಲ. ಭವಾನಿ ಹಿಂದೆ ಕೂತು ಬೆನ್ನಿಗೆ ಆಸರೆಯಾದಳು. ಶಂಕ್ರಮ್ಮ ಆ ಒಣ ತುಟಿಯನ್ನು ನೋಡಿದಳು. ಕರೆಂಟಿಗೆ ಬಗ್ಗದವಳು, ಹಸಿವಿಗೆ ಬಗ್ಗದವಳು, ಮಗನ ಅಳುವಿಗೂ ಬಗ್ಗದವಳು ತಾನು ಕಲಿಸಿದ ಪಾಠದ ಮುಂದೆ ಕೂತಿದ್ದಳು.

"ಬಾ ಇಲ್ಲೆ," ಎಂದಳು ಮೊಮ್ಮಗಳಿಗೆ. "ನಿನ್ನ ಉಡ್ಯಾಗಿನ ಒಂದ ಕಲ್ಲ ಕೊಡು."

ಲಲಿತಾ ಆರಿಸಿದಳು. ಆರಿಸಲು ಸಮಯ ತೆಗೆದುಕೊಂಡಳು. ಕೊಟ್ಟ ಕಲ್ಲು ಲಿಂಗದ ಹಾಗೆ ಇರಲೂ ಇಲ್ಲ. ಒಂದು ಕಡೆ ಚಪ್ಪಟೆ, ಮೇಲೊಂದು ಬಿಳಿ ಗೆರೆ.

"ಇದು ಲಿಂಗ ಅಲ್ಲ ಮಗಳ. ಕಲ್ಲು. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ. ಇವತ್ತಿಗೆ ಇದಕ್ಕ ಮಾಡೋಣು."

ನಡುಗುವ ಅಂಗೈ ನಿಲ್ಲಲಿಲ್ಲವೆಂದು ಗುರುಬಸವ ಕೆಳಗಿನಿಂದ ತನ್ನ ಕೈ ಆನಿಸಿ ಹಿಡಿದ. ಅವಳು ವಿಭೂತಿ ಹಚ್ಚಿದಳು. ಬಾಡಿದ ಬನ್ನಿ ಎಲೆ ಏರಿಸಿದಳು. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು, ಒರೆಸಲಿಲ್ಲ. ಆಮೇಲೆ ಬೆಲ್ಲದ ಚೂರನ್ನು ಮೊಮ್ಮಗಳ ಅಂಗೈಗಿಟ್ಟಳು. ಹುಡುಗಿ ದಿನದ ರೂಢಿಯಂತೆ ಅರ್ಧ ಮುರಿದು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು.

ಆ ಬಾಯಿ ತೆರೆಯಲು ತೆಗೆದುಕೊಂಡಷ್ಟು ಹೊತ್ತು ಗುರುಬಸವ ಉಸಿರು ಬಿಡಲಿಲ್ಲ.

ತೆರೆಯಿತು. ಬೆಲ್ಲ ಹೋಯಿತು. ಭವಾನಿ ನೀರು ಕುಡಿಸಿದಳು, ಒಂದು ಗುಟುಕು ಅಜ್ಜಿಗೆ, ಒಂದು ಮಗಳಿಗೆ. ಮಗು ಕುಡಿಯದಿದ್ದರೆ ಅಜ್ಜಿ ಕುಡಿಯುತ್ತಿರಲಿಲ್ಲ, ಅಜ್ಜಿ ಕುಡಿಯದಿದ್ದರೆ ಮಗು ಕುಡಿಯುತ್ತಿರಲಿಲ್ಲ. ಹೀಗೆ ತಂಬಿಗೆ ಅರ್ಧವಾಯಿತು. ಭವಾನಿ ಮತ್ತಷ್ಟು ಬೆಲ್ಲ ಕದಡಿದಳು. ಬೆವರು ಆರುವ ತನಕ ಕುಡಿಸಿದಳು.

ಸಂಜೆ ದುರುಗೇಶ ಮದುವೆಯ ಬೂಂದಿ ಪೊಟ್ಟಣ ಹಿಡಿದುಕೊಂಡು ನಗುತ್ತ ಬಂದ. ಇವರ ಮುಖ ನೋಡಿ ನಗು ನಿಲ್ಲಿಸಿದ. ವಿಷಯ ಕೇಳಿ, ಬೆಳಕು ಇರುವ ತನಕ ತಾನೂ ನೀರಿಗಿಳಿದು ಮುಳುಗಿ ಮುಳುಗಿ ಹುಡುಕಿದ. ಈಜು ಬರುವವನ ಕೈಗೂ ಸಿಗಲಿಲ್ಲ. ತೆಪ್ಪ ಗಡ್ಡೆ ಬಿಡುವಾಗ ಶಂಕ್ರಮ್ಮ ತಾನು ಮಿಂದ ಜಾಗದ ಕಡೆ ಕೈ ಮುಗಿದಳು, ಆಚೆ ದಂಡೆ ಮುಟ್ಟುವ ತನಕ ಕೈ ಇಳಿಸಲಿಲ್ಲ. ಅಲ್ಲಿಂದ ನೇರ ದವಾಖಾನೆ. ರಾತ್ರಿಯೆಲ್ಲ ಸಲೈನ್ ಏರಿತು, ಬಾಯಿಗೆ ಮಾತ್ರ ಮೊಮ್ಮಗಳು ಕುಡಿದಷ್ಟೇ ನೀರು.

ಮರುದಿನ ಯಲಬುರ್ಗಾ ಬಸ್ಸು ಹತ್ತಿ ಅವಳ ಮಠಕ್ಕೆ ಹೋದರು. ಸ್ವಾಮಿಗಳು ಹೊಸ ಲಿಂಗ ಕಟ್ಟಿದರು, ಕಲ್ಲಿನ ಪೂಜೆಯ ಸುದ್ದಿ ಕೇಳಿ ಲಲಿತಾಳ ತಲೆಯ ಮೇಲೆ ಕೈ ಇಟ್ಟರು. ಶಂಕ್ರಮ್ಮ ಮಾತ್ರ ಹಳೆಯದನ್ನು ಮರೆಯಲಿಲ್ಲ. ಈಗಲೂ ಪೂಜೆಗೆ ಕೂತಾಗ ಹೊಸ ಲಿಂಗವನ್ನು ಅಂಗೈಯಲ್ಲಿಟ್ಟು ಒಂದು ಗಳಿಗೆ ಸುಮ್ಮನಿರುತ್ತಾಳೆ, ಪರಿಚಯ ಇನ್ನೂ ಪೂರ್ತಿ ಆಗಿಲ್ಲದವರ ಮುಂದೆ ಕೂತ ಹಾಗೆ.

ಮನೆಗೆ ಬಂದ ದಿನ ಗುರುಬಸವ ಕಪಾಟಿನ ಬೀಗ ತೆಗೆದು ಬೆಳ್ಳಿ ಕರಡಿಗೆಯನ್ನು ತಾಯಿಯ ಮುಂದಿಟ್ಟ. ಅವಳು ಹೊಸ ಲಿಂಗಕ್ಕೆ, ಗಂಟು ಬೇಡವೆಂದು, ಗುಂಡಿ ಹಾಕುವ ಅರಿವೆಯ ಪುಟ್ಟ ಚೀಲ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಸೆರಗಿನ ತುದಿಯಿಂದ ಬಿಳಿ ಗೆರೆಯ ಕಲ್ಲು ಬಿಚ್ಚಿ ಅವನಿಗೆ ಕೊಟ್ಟಳು.

"ಇದನ್ನ ಅದರಾಗ ಇಟ್ಟು ಬೀಗ ಹಾಕು," ಎಂದಳು. "ಬೀಗ ಛಲೋ ಹಾಕ್ತಿ ನೀ."

ಅವನು ಇಟ್ಟ. ಮುಚ್ಚಳ ಟಕ್ ಎಂದು ಕೂತಿತು. ಅವನು ಆರಿಸಿದ್ದ ಇನ್ನೊಂದು ಕಲ್ಲು, ಲಿಂಗದ ಹಾಗೆಯೇ ಇದ್ದದ್ದು, ಈಗ ಮಿಲ್ಲಿನ ಕಾಟಾದ ಮೇಜಿನ ಮೇಲಿದೆ. ಫ್ಯಾನಿನ ಗಾಳಿಗೆ ತೂಕದ ಚೀಟಿಗಳು ಹಾರದಂತೆ ಹಿಡಿದುಕೊಂಡು ಕೂತಿದೆ.